ಫ್ರೀ ಪಾಠ ಸಿಕ್ಕಿತು ಅಂತ ಹಾಗೇ ಹಂಚಬೇಡಿ

ಪ್ರಶ್ನೆ: ನಮಸ್ಕಾರ ಸರ್. ದಾವಣಗೆರೆಯಲ್ಲಿ ಹತ್ತು ವರ್ಷ ಪ್ರೈಮರಿ ಟೀಚರ್ ಆಗಿದ್ದೆ. ಈಗ ನಮ್ಮ ಮನೆಯವರ ಕೆಲಸದಿಂದಾಗಿ ತಾಂಜಾನಿಯಾದ ಅರುಷಾದಲ್ಲಿದ್ದೇವೆ. ಇಲ್ಲಿನ ಸರ್ಕಾರಿ ಶಾಲೆಯೊಂದರ ಟೀಚರುಗಳಿಗೆ ಶನಿವಾರ ಗಣಿತ ತರಬೇತಿ ಕೊಡಿ ಎಂದು ಕೇಳಿದ್ದಾರೆ. ಒಂದು ಕ್ಲಾಸಿಗೆ 80 ಮಕ್ಕಳು, ನೆಟ್ ಬಂದರೆ ಬಂತು. ಆನ್‌ಲೈನ್‌ನಲ್ಲಿ ಸಿಗುವ ಫ್ರೀ ಸಾಮಗ್ರಿ ಪ್ರಿಂಟ್ ಹಾಕಿಸಿ ಹಂಚಿದರೆ ಏನಾದರೂ ತೊಂದರೆಯಾ?

ಉತ್ತರ: ನಕಲು ಮಾಡಲು ಲೈಸೆನ್ಸ್ ಕೊಟ್ಟಿರುವ ಸಾಮಗ್ರಿಯಾದರೆ ಕಾನೂನಿನ ತೊಂದರೆ ಇಲ್ಲ ಮೇಡಂ. ತೊಂದರೆ ಇರುವುದು ಹಂಚುವುದರಲ್ಲಿ, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಟೆಸ್ಸಾ (TESSA) ಸಾಮಗ್ರಿ ಹುಡುಕಿ, ಆಫ್ರಿಕಾದ ಟೀಚರುಗಳ ತರಬೇತಿಗೆಂದೇ ಮಾಡಿದ ಫ್ರೀ ಪಾಠಗಳವು. ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯೂ ಆಫ್ರಿಕಾದ ಹಲವು ವಿಶ್ವವಿದ್ಯಾಲಯ, ಶಿಕ್ಷಕರ ತರಬೇತಿ ಸಂಸ್ಥೆಗಳೂ ಸೇರಿ 2005ರಲ್ಲಿ ಶುರು ಮಾಡಿದ ಕೆಲಸ ಅದು. ಓಪನ್ ಯೂನಿವರ್ಸಿಟಿ ಆಫ್ ತಾಂಜಾನಿಯಾ ಕೂಡ ಅದರಲ್ಲಿದೆ. ಇಂಗ್ಲಿಷ್, ಫ್ರೆಂಚ್, ಅರೇಬಿಕ್, ಸ್ವಾಹಿಲಿ ನಾಲ್ಕರಲ್ಲೂ ಸಿಗುತ್ತದೆ. ಅಲ್ಲಿನ ಸರ್ಕಾರಿ ಪ್ರೈಮರಿಯಲ್ಲಿ ಪಾಠ ನಡೆಯುವುದು ಸ್ವಾಹಿಲಿಯಲ್ಲಿ, ಹಾಗಾಗಿ ನೀವು ಇಂಗ್ಲಿಷ್‌ನಲ್ಲಿ ಓದಿಕೊಂಡರೂ ಟೀಚರುಗಳ ಕೈಗೆ ಸ್ವಾಹಿಲಿಯದನ್ನೇ ಕೊಡಿ. ಪ್ರೈಮರಿಗೆ ಐದು ವಿಷಯ, ಒಟ್ಟು 75 ಘಟಕ. ಪ್ರತಿ ಘಟಕದಲ್ಲೂ ತರಗತಿಯಲ್ಲಿ ಮಾಡಿಸುವ ಚಟುವಟಿಕೆಗಳು, ಜೊತೆಗೆ ಇನ್ನೊಬ್ಬ ಟೀಚರ್ ಅದನ್ನು ಹೇಗೆ ಮಾಡಿದರು ಎಂಬ ಸಣ್ಣ ಸಣ್ಣ ಪ್ರಸಂಗಗಳು. ನನಗೆ ಹಿಡಿಸಿದ್ದು ಈ ಪ್ರಸಂಗಗಳೇ. ಬೋಧನಾಶಾಸ್ತ್ರದ ಭಾಷಣಕ್ಕಿಂತ ಇವು ಎಷ್ಟೋ ವಾಸಿ.

ಇದರ ಲೈಸೆನ್ಸು ಕ್ರಿಯೇಟಿವ್ ಕಾಮನ್ಸ್‌ನದು. ನಕಲು ಮಾಡಬಹುದು, ಬದಲಾಯಿಸಬಹುದು, ಅನುವಾದಿಸಬಹುದು. ಎಲ್ಲಿಂದ ತೆಗೆದುಕೊಂಡಿರಿ, ಏನು ಬದಲಾಯಿಸಿದಿರಿ ಎಂದು ಬರೆಯಬೇಕು, ನೀವು ಬದಲಾಯಿಸಿದ್ದನ್ನೂ ಅದೇ ಷರತ್ತಿನಲ್ಲಿ ಬೇರೆಯವರಿಗೆ ಬಿಟ್ಟುಕೊಡಬೇಕು, ಅಷ್ಟೇ. ಒಳಗಿನ ಕೆಲವು ಫೋಟೋಗಳ ಹಕ್ಕು ಬೇರೆಯವರದ್ದಿರಬಹುದು, ಒಮ್ಮೆ ನೋಡಿಕೊಳ್ಳಿ.

ಈಗ ಹಂಚುವ ವಿಷಯ. ಹಿಂದೊಮ್ಮೆ ನಮ್ಮಲ್ಲೇ ಒಂದು ತರಬೇತಿಯಲ್ಲಿ ದಪ್ಪನೆಯ ಪ್ರಿಂಟೌಟ್ ಮಾಡಿಸಿ, ಸ್ಪೈರಲ್ ಹಾಕಿಸಿ, ಎಲ್ಲರಿಗೂ ಕೊಟ್ಟು ಬೀಗಿದ್ದೆ. ಮೂರು ತಿಂಗಳ ಮೇಲೆ ಶಾಲೆಗೆ ಹೋಗಿ ನೋಡಿದರೆ ಅದು ಬೀರುವಿನ ಮೇಲೆ ಧೂಳು ಹಿಡಿದು ಕೂತಿತ್ತು. ತಪ್ಪು ಟೀಚರುಗಳದ್ದಲ್ಲ, ನನ್ನದೇ. ಅದರಲ್ಲಿ ಅವರ ಕೈ ಆಡಿರಲೇ ಇಲ್ಲ.

ಅದಕ್ಕೇ ಒಂದು ಶನಿವಾರಕ್ಕೆ ಒಂದೇ ಚಟುವಟಿಕೆ ಸಾಕು. ಭಿನ್ನರಾಶಿ ಇಟ್ಟುಕೊಳ್ಳಿ. ಚಪಾತಿ ಅಲ್ಲೂ ಚಪಾತಿಯೇ, ಹೆಸರೂ ಅದೇ! ಪುಸ್ತಕದಲ್ಲಿ ಬೇರೆ ಉದಾಹರಣೆ ಇದ್ದರೆ ಅದನ್ನು ಹೊಡೆದು ಚಪಾತಿ ಬರೆಯಲು ಟೀಚರುಗಳಿಗೇ ಹೇಳಿ. ಹಳೇ ನ್ಯೂಸ್‌ಪೇಪರನ್ನು ದುಂಡಗೆ ಕತ್ತರಿಸಿ, ಮಡಚಿ ಅರ್ಧ, ಕಾಲು, ಅರೆಕಾಲು ಮಾಡಲಿ. 80 ಮಕ್ಕಳಿಗೆ ಹತ್ತು ಗುಂಪು ಹೇಗೆ ಮಾಡುವುದು, ಕಾಗದ ಯಾರು ಹಂಚುವುದು, ಹಿಂದಿನ ಬೆಂಚಿನವರು ಏನು ಮಾಡುತ್ತಿರುತ್ತಾರೆ ಎಂದು ಅಲ್ಲೇ ಜಗಳವಾಡಿ ತೀರ್ಮಾನಿಸಲಿ, ಏಕೆಂದರೆ ಯಾವ ಪುಸ್ತಕ ಬರೆದವರೂ ಅವರ ಕ್ಲಾಸ್‌ರೂಮ್ ನೋಡಿಲ್ಲ. ಆ ವಾರ ಕ್ಲಾಸಲ್ಲಿ ಮಾಡಿ ನೋಡಲಿ. ಮುಂದಿನ ಶನಿವಾರ ಮೊದಲ ಅರ್ಧ ಗಂಟೆ ನೀವು ಬಾಯಿ ಬಿಡಬೇಡಿ, ಎಲ್ಲಿ ಎಡವಟ್ಟಾಯಿತು ಎಂದು ಅವರೇ ಹೇಳಲಿ.

ನೆಟ್ ಚಿಂತೆ ಜಾಸ್ತಿ ಬೇಡ. ವರ್ಡ್ ಫೈಲ್ ಇರುವುದನ್ನೇ ಒಮ್ಮೆ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಪಿಡಿಎಫ್ ತಿದ್ದುವುದು ಸುಮ್ನೆ ತಲೆನೋವು.

ಪ್ರಶ್ನೆ: ರಾಯಚೂರಿನ ಡಿ.ಇಎಲ್.ಇಡಿ. (ಪ್ರೈಮರಿ ಟೀಚರ್ ತರಬೇತಿ) ವಿದ್ಯಾರ್ಥಿ ನಾನು. ಇಂಥದ್ದು ಕನ್ನಡದಲ್ಲಿ ಇದೆಯಾ ಸರ್?

ಉತ್ತರ: ಇದೆಯಪ್ಪ. ಟೆಸ್ಸಾದ ಅನುಭವದ ಮೇಲೇ ಅದೇ ಓಪನ್ ಯೂನಿವರ್ಸಿಟಿ 2012ರಲ್ಲಿ ಭಾರತದಲ್ಲಿ ಟೆಸ್-ಇಂಡಿಯಾ ಶುರು ಮಾಡಿತು. ಆಯ್ದುಕೊಂಡ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು, ಘಟಕಗಳು ಕನ್ನಡದಲ್ಲೂ ಇವೆ. ಕಥೆ ಬೇಕಿದ್ದರೆ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟ್ ನೋಡು. ಆಫ್ರಿಕನ್ ಸ್ಟೋರಿಬುಕ್‌ನ ಮಕ್ಕಳ ಕಥೆಗಳೂ ಅಲ್ಲಿವೆ. ಕನ್ನಡಕ್ಕೆ ಬಾರದ ಒಂದನ್ನು ಆರಿಸಿ ನೀನೇ ಅನುವಾದ ಮಾಡು. ಯಾರ ಅನುಮತಿಯೂ ಬೇಕಿಲ್ಲ, ಮೂಲ ಬರೆದವರ ಹೆಸರು ಮಾತ್ರ ಹಾಕಲು ಮರೆಯಬೇಡ.