ಸುಸ್ತಿಗೆ ಬೆರಿ ಪುಡಿ ಬೇಕಾ, ರಕ್ತಪರೀಕ್ಷೆ ಬೇಕಾ?

ಈ ಸಲವೂ ಬಂದ ಪತ್ರಗಳಲ್ಲಿ ಬೆರಿ ಹಣ್ಣಿನದ್ದೇ ಗಲಾಟೆ. ಜೀವಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಭಾಗಗಳಾದ ಮೈಟೊಕಾಂಡ್ರಿಯದ ಹೆಸರು ಜಾಹೀರಾತಿನವರ ಕೈಗೆ ಸಿಕ್ಕಿದ್ದೇ ತಡ, ನನಗೆ ಬರುವ ಪ್ರಶ್ನೆಗಳೆಲ್ಲ ಒಂದೇ ಥರ ಆಗಿಬಿಟ್ಟಿವೆ. ಒಂದು ಪತ್ರಕ್ಕೆ ಉದ್ದವಾಗಿ ಉತ್ತರಿಸುತ್ತೇನೆ. ಉಳಿದವರು ಅದನ್ನೂ ಓದಿಕೊಳ್ಳಿ.

ಪ್ರಶ್ನೆ: ಡಾಕ್ಟ್ರೇ, ನನಗೆ 46 ವರ್ಷ. ಕೆಲವು ತಿಂಗಳಿಂದ ವಿಪರೀತ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಮೈಟೊಕಾಂಡ್ರಿಯ ಸೋತಿವೆ, ಬ್ಲೂಬೆರಿ ಮತ್ತು ಗೋಜಿ ಬೆರಿ ಪುಡಿ ಕುಡಿದರೆ ರೀಚಾರ್ಜ್ ಆಗುತ್ತವೆ ಎಂದು ವೆಲ್‌ನೆಸ್ ಕೋಚ್ ಒಬ್ಬರು ಹೇಳಿದರು. ಕುಡಿಯುತ್ತಿದ್ದೇನೆ, ಗುಣ ಕಾಣುತ್ತಿಲ್ಲ. ಡೋಸ್ ಜಾಸ್ತಿ ಮಾಡಲೇ? ಅಂದ ಹಾಗೆ, ಈಚೆಗೆ ಮುಟ್ಟಿನ ರಕ್ತಸ್ರಾವವೂ ಹೆಚ್ಚಾಗಿದೆ.

ಉತ್ತರ: "ಅಂದ ಹಾಗೆ" ಎಂದು ಕೊನೆಗೆ ಸೇರಿಸಿದಿರಲ್ಲ, ನಾನು ಮೊದಲು ನೋಡಬೇಕಾದ್ದು ಅದನ್ನೇ. ನಿಮ್ಮ ಕೋಚ್ ಇದನ್ನು ಕೇಳಿದರಾ? ಕೇಳಿರಲಿಕ್ಕಿಲ್ಲ. ಅವರ ಹತ್ತಿರ ಅದಕ್ಕೆ ಡಬ್ಬಿ ಇಲ್ಲ.

ಡೋಸ್ ಮಾತು ಬಿಡಿ. ಈ ವಾರವೇ ವೈದ್ಯರನ್ನು ಕಂಡು ಹಿಮೊಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವುದು), ಥೈರಾಯ್ಡ್, ಸಕ್ಕರೆ, ಬಿ12 ಪರೀಕ್ಷೆ ಮಾಡಿಸಿ. ಏದುಸಿರು ಇರುವುದರಿಂದ ಅವರು ಹೃದಯ, ಶ್ವಾಸಕೋಶಗಳನ್ನೂ ನೋಡಲಿ. ರಕ್ತಸ್ರಾವ ಯಾಕೆ ಹೆಚ್ಚಾಗಿದೆ ಎಂದು ಸ್ತ್ರೀರೋಗ ತಜ್ಞರೂ ನೋಡಬೇಕು.

ತಮಾಷೆ ಏನೆಂದರೆ, ಮೈಟೊಕಾಂಡ್ರಿಯದ ಬಗ್ಗೆ ನಿಜವಾಗಿ ಗೊತ್ತಿದ್ದವರು ಮೊದಲು ಕಬ್ಬಿಣದ ಅಂಶವನ್ನೇ ಕೇಳುತ್ತಾರೆ. ಊಟದಿಂದ ಬಂದ ಎಲೆಕ್ಟ್ರಾನುಗಳನ್ನು ಮೈಟೊಕಾಂಡ್ರಿಯದ ಒಳಪೊರೆಯಲ್ಲಿರುವ ಪ್ರೋಟೀನುಗಳು ಕೈಯಿಂದ ಕೈಗೆ ದಾಟಿಸಿ, ಕೊನೆಗೆ ಆಮ್ಲಜನಕಕ್ಕೆ ಒಪ್ಪಿಸುತ್ತವೆ. ಆ ಓಟದಲ್ಲಿ ಎಟಿಪಿ, ಅಂದರೆ ಜೀವಕೋಶಗಳು ಶಕ್ತಿಗಾಗಿ ಖರ್ಚು ಮಾಡುವ ಅಣು, ತಯಾರಾಗುತ್ತದೆ. ಎಲೆಕ್ಟ್ರಾನು ದಾಟಿಸುವ ಪ್ರೋಟೀನುಗಳಲ್ಲಿ ಹಲವಕ್ಕೆ ಕಬ್ಬಿಣ ಬೇಕು. ಆಮ್ಲಜನಕ ಹೊತ್ತು ತರುವ ಹಿಮೊಗ್ಲೋಬಿನ್‌ಗೂ ಕಬ್ಬಿಣ ಬೇಕು. ಅದು ಪ್ರತಿ ತಿಂಗಳೂ ಸೋರಿಹೋಗುತ್ತಿದ್ದರೆ ಯಾವ ಪುಡಿ ಕುಡಿದು ಏನು ಪ್ರಯೋಜನ?

ಇನ್ನು ಆ "ರೀಚಾರ್ಜ್". ಮೈಟೊಕಾಂಡ್ರಿಯ ಮೊಬೈಲ್ ಬ್ಯಾಟರಿ ಅಲ್ಲ, ತುಂಬಿಸಿ ಇಟ್ಟುಕೊಳ್ಳಲು ಬರುವುದಿಲ್ಲ. ದೇಹದಲ್ಲಿ ಯಾವ ಕ್ಷಣಕ್ಕೂ ಇರುವ ಎಟಿಪಿ ತೀರಾ ಸ್ವಲ್ಪ. ಆದರೆ ಅದನ್ನೇ ಮತ್ತೆ ಮತ್ತೆ ಕಟ್ಟಿ, ದಿನಕ್ಕೆ ಹೆಚ್ಚುಕಮ್ಮಿ ನಮ್ಮ ತೂಕದಷ್ಟು ಬಳಸುತ್ತೇವೆ.

ಹಾಗಾದರೆ ಬೆರಿಯ ಮಾತು ಪೂರ್ತಿ ಸುಳ್ಳಾ? ಅಲ್ಲ, ಅದೇ ತಲೆನೋವು. ಬ್ಲೂಬೆರಿಗೆ ನೀಲಿ ಬಣ್ಣ ಕೊಡುವ ಆಂಥೋಸಯನಿನ್‌ಗಳನ್ನು ಪ್ರಯೋಗಾಲಯದಲ್ಲಿ ಜೀವಕೋಶಗಳ ಮೇಲೆ ಸುರಿದರೆ ಏನೇನೋ ಒಳ್ಳೆಯದು ಕಾಣುತ್ತದೆ. ಆದರೆ ನಾವು ತಿಂದಾಗ ಅವು ಇದ್ದ ಹಾಗೇ ರಕ್ತಕ್ಕೆ ಸೇರುವುದು ತುಂಬಾ ಕಮ್ಮಿ. ಹೆಚ್ಚಿನ ಪಾಲನ್ನು ಕರುಳಿನ ಬ್ಯಾಕ್ಟೀರಿಯಗಳು ಒಡೆದು ಬೇರೆಯೇ ವಸ್ತು ಮಾಡುತ್ತವೆ. ಗಾಜಿನ ತಟ್ಟೆಯಲ್ಲಿ ನಡೆದದ್ದು ನಿಮ್ಮ ಸ್ನಾಯುವಿನಲ್ಲೂ ನಡೆಯುತ್ತದೆ ಎಂದು ಹೇಳಲು ಬರುವುದಿಲ್ಲ.

ಸ್ಟ್ರಾಬೆರಿ, ರಾಸ್ಪ್‌ಬೆರಿ, ದಾಳಿಂಬೆಯ ಕಥೆ ಇನ್ನೂ ಸ್ವಾರಸ್ಯ. ಅವುಗಳಲ್ಲಿರುವ ಎಲ್ಲಾಜಿಟ್ಯಾನಿನ್‌ಗಳಿಂದ ಕರುಳಿನ ಬ್ಯಾಕ್ಟೀರಿಯಗಳು ಯುರೊಲಿಥಿನ್ ಎ ಎಂಬ ವಸ್ತು ತಯಾರಿಸುತ್ತವೆ. ಹಾಳಾದ ಮೈಟೊಕಾಂಡ್ರಿಯವನ್ನು ಜೀವಕೋಶ ತಾನೇ ಗುಡಿಸಿ ಹಾಕುವ ಕೆಲಸವನ್ನು ಇದು ಚುರುಕು ಮಾಡುತ್ತದೆ ಎಂದು 2016ರಲ್ಲಿ ಹುಳು ಮತ್ತು ಇಲಿಗಳಲ್ಲಿ ಕಂಡುಬಂತು. ಒಳ್ಳೆಯ ಸಂಶೋಧನೆಯೇ. ಆದರೆ ಆ ಬ್ಯಾಕ್ಟೀರಿಯಗಳು ಎಲ್ಲರ ಕರುಳಲ್ಲೂ ಇರುವುದಿಲ್ಲ. ಒಂದೇ ಹಣ್ಣು ತಿಂದರೂ ಒಬ್ಬರಲ್ಲಿ ಯುರೊಲಿಥಿನ್ ಆಗುತ್ತದೆ, ಇನ್ನೊಬ್ಬರಲ್ಲಿ ಇಲ್ಲ. 2022ರಲ್ಲಿ 65 ದಾಟಿದ 66 ಜನರ ಮೇಲೆ ಒಂದು ಪ್ರಯೋಗ ಪ್ರಕಟವಾಯಿತು. ಕೆಲವರಿಗೆ ದಿನಕ್ಕೆ 1000 ಮಿಲಿಗ್ರಾಂ ಶುದ್ಧ ಯುರೊಲಿಥಿನ್ ಎ, ಉಳಿದವರಿಗೆ ಹುಸಿ ಔಷಧ, ನಾಲ್ಕು ತಿಂಗಳು. ಸ್ನಾಯು ದಣಿಯುವುದು ಸ್ವಲ್ಪ ತಡವಾಯಿತು, ನಿಜ. ಆದರೆ ಮುಖ್ಯವಾಗಿ ಅಳೆಯಲು ಹೊರಟಿದ್ದ ಎರಡರಲ್ಲೂ, ಅಂದರೆ ಆರು ನಿಮಿಷದಲ್ಲಿ ನಡೆಯುವ ದೂರ ಮತ್ತು ಸ್ನಾಯುವಿನ ಎಟಿಪಿ ತಯಾರಿಕೆಯಲ್ಲಿ, ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಶುದ್ಧ ವಸ್ತುವಿನ ಪಾಡೇ ಇದು. ಡಬ್ಬಿಯ ಪುಡಿಯ ಬಗ್ಗೆ ನೀವೇ ಯೋಚಿಸಿ.

ಬೆರಿಗೆ ನ್ಯಾಯವಾಗಿ ಸಲ್ಲಬೇಕಾದ್ದನ್ನೂ ಹೇಳುತ್ತೇನೆ. ಮೆಟಬಾಲಿಕ್ ಸಿಂಡ್ರೋಮ್ (ಹೊಟ್ಟೆಯ ಬೊಜ್ಜು, ಬಿಪಿ, ಸಕ್ಕರೆ, ಕೊಬ್ಬಿನ ಏರುಪೇರು ಒಟ್ಟಿಗೆ ಬರುವ ಸ್ಥಿತಿ) ಇದ್ದವರು ಆರು ತಿಂಗಳು ದಿನಾ 150 ಗ್ರಾಂ ಬ್ಲೂಬೆರಿಗೆ ಸಮನಾದಷ್ಟು ತಿಂದಾಗ ರಕ್ತನಾಳಗಳ ಕೆಲಸ ಸುಧಾರಿಸಿತು ಎಂದು 2019ರ ಒಂದು ಪ್ರಯೋಗ ತೋರಿಸಿತು. ಇನ್ಸುಲಿನ್ ಪ್ರತಿರೋಧ, ಅಂದರೆ ಇನ್ಸುಲಿನ್ ಮಾತನ್ನು ದೇಹ ಸರಿಯಾಗಿ ಕೇಳದಿರುವುದು, ಮಾತ್ರ ಕದಲಲಿಲ್ಲ. ಹಣ್ಣು ಒಳ್ಳೆಯದು, ತಿನ್ನಿ. ಸುಸ್ತಿಗೆ ಔಷಧಿ ಅಂತ ತಿನ್ನಬೇಡಿ.

ಮೈಟೊಕಾಂಡ್ರಿಯ ಹೆಚ್ಚಾಗಬೇಕೆಂದರೆ ಅದಕ್ಕೆ ಗಟ್ಟಿ ಪುರಾವೆ ಇರುವುದು ವ್ಯಾಯಾಮಕ್ಕೆ. ಇಲಿಗಳನ್ನು ಓಡಿಸಿ ಜಾನ್ ಹಾಲೊಸ್ಜಿ ಇದನ್ನು 1967ರಲ್ಲೇ ತೋರಿಸಿದ್ದರು. ಅದಕ್ಕೆ ಡಬ್ಬಿ ಇಲ್ಲ, ಹಾಗಾಗಿ ಜಾಹೀರಾತೂ ಇಲ್ಲ. ಆದರೆ ನೀವು ಈಗಲೇ ಓಡಲು ಹೊರಡಬೇಡಿ. ರಿಪೋರ್ಟ್ ಬರಲಿ, ಏದುಸಿರಿಗೆ ಕಾರಣ ಗೊತ್ತಾಗಲಿ, ಆಮೇಲೆ.

ಪ್ರಶ್ನೆ: ದಿನಾ ಜಿಮ್‌ಗೆ ಹೋಗುತ್ತೇನೆ. ಬೆರಿ ಜೊತೆ ವಿಟಮಿನ್ ಸಿ ಮತ್ತು ಇ ಮಾತ್ರೆ ಸೇರಿಸಿದರೆ ಡಬಲ್ ಲಾಭ ಅಲ್ವಾ?

ಉತ್ತರ: ಉಲ್ಟಾ ಆಗಬಹುದು. ವ್ಯಾಯಾಮ ಮಾಡುವಾಗ ಹುಟ್ಟುವ ಚುರುಕು ಅಣುಗಳಾದ ಫ್ರೀ ರ‍್ಯಾಡಿಕಲ್‌ಗಳೇ ದೇಹಕ್ಕೆ "ಇನ್ನಷ್ಟು ಸಜ್ಜಾಗು" ಎನ್ನುವ ಸೂಚನೆ. ವಿಟಮಿನ್ ಸಿ, ಇ ಆಂಟಿಆಕ್ಸಿಡೆಂಟ್‌ಗಳು, ಅಂದರೆ ಅವನ್ನೇ ಅಡಗಿಸುವ ವಸ್ತುಗಳು. 2009ರ ಒಂದು ಪ್ರಯೋಗದಲ್ಲಿ ಈ ಎರಡು ಮಾತ್ರೆ ದೊಡ್ಡ ಡೋಸಿನಲ್ಲಿ ನುಂಗಿದವರಿಗೆ, ವ್ಯಾಯಾಮದಿಂದ ಇನ್ಸುಲಿನ್ ವಿಷಯದಲ್ಲಿ ಸಿಗಬೇಕಾದ ಲಾಭ ಸಿಗಲಿಲ್ಲ. ಹಣ್ಣು ಸಾಕು.

ಪ್ರಶ್ನೆ: ಯಾವ ಬೆರಿಯ ಆಂಟಿಆಕ್ಸಿಡೆಂಟ್ ಅಂಕ ಜಾಸ್ತಿ?

ಉತ್ತರ: ಆ ಅಂಕಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲೇ ತೆಗೆದುಹಾಕಿದೆ. ನೀವೂ ಮರೆತುಬಿಡಿ.

ಪ್ರಶ್ನೆ: ಫ್ರೋಜನ್ ಬೆರಿ ತಿನ್ನಬಹುದಾ?

ಉತ್ತರ: ತಿನ್ನಿ.

ಪ್ರಶ್ನೆ: ನನ್ನ ಮಗನಿಗೆ ಮೈಟೊಕಾಂಡ್ರಿಯದ ಕಾಯಿಲೆ ಇದೆ ಎಂದು ಜೀನ್ ಪರೀಕ್ಷೆಯಲ್ಲಿ ಗೊತ್ತಾಗಿದೆ. ಔಷಧಿ ನಿಲ್ಲಿಸಿ ಬೆರಿ ಡಯಟ್ ಮಾಡಿಸಿ ಎನ್ನುತ್ತಿದ್ದಾರೆ.

ಉತ್ತರ: ಹಾಗೆ ಹೇಳಿದವರನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಮ್ಮ. ಜೀನಿನ ದೋಷ ಹಣ್ಣಿನಿಂದ ಹೋಗುವುದಿಲ್ಲ. ಯಾವ ಔಷಧಿಯನ್ನೂ ನೀವೇ ನಿಲ್ಲಿಸಬೇಡಿ. ಯಾವ ಆಸ್ಪತ್ರೆಗೆ ಹೋದರೂ ಮಗುವಿನ ರೋಗದ ಹೆಸರು ಮೊದಲು ಹೇಳಿ. ಫಿಟ್ಸ್‌ಗೆ ಕೊಡುವ ವಾಲ್ಪ್ರೊಯೇಟ್ ಈ ಕಾಯಿಲೆಗಳಲ್ಲಿ ಕೆಲವಕ್ಕೆ ಲಿವರನ್ನೇ ಕೆಡಿಸಬಲ್ಲದು.

ಪ್ರಶ್ನೆ: ಅಪ್ಪ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತಗೊಳ್ತಾರೆ. ಗೋಜಿ ಬೆರಿ ಚಹಾ ನೈಸರ್ಗಿಕ, ತೊಂದರೆ ಇಲ್ಲ ತಾನೇ?

ಉತ್ತರ: ತೊಂದರೆ ಇದೆ. ಗೋಜಿ ಸೇವಿಸಿದ ವಾರ್ಫರಿನ್ ರೋಗಿಗಳಲ್ಲಿ, ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ಐಎನ್‌ಆರ್ ಏರಿ ರಕ್ತಸ್ರಾವವಾದ ವರದಿಗಳಿವೆ. ಚಹಾ ಇವತ್ತೇ ನಿಲ್ಲಿಸಿ, ಅವರ ವೈದ್ಯರಿಗೆ ಫೋನ್ ಮಾಡಿ ವಿಷಯ ತಿಳಿಸಿ, ಐಎನ್‌ಆರ್ ಮಾಡಿಸಿ. ಮೂಗಲ್ಲೋ ಮೂತ್ರದಲ್ಲೋ ರಕ್ತ ಕಂಡರೆ, ಮಲ ಕಪ್ಪಾದರೆ, ಫೋನಿಗೆ ಕಾಯದೆ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.