ಮಾತ್ರೆ ನುಂಗಿದರೂ ಮತ್ತೆ ಬರುವ ನವೆ

ಮಂಡ್ಯದ ಹತ್ತಿರದ ಹಳ್ಳಿಯವರು, ವಯಸ್ಸು 44. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಇಲ್ಲಿ ಜಯಮ್ಮ ಅನ್ನೋಣ.

ನನ್ನ ಹತ್ತಿರ ಸಲಹೆಗೆ ಬಂದವರು ಹತ್ತು ನಿಮಿಷ ಬರೀ ಮಂಡಿನೋವಿನ ಮಾತಾಡಿದರು. ಎದ್ದು ಹೊರಟವರು ಬಾಗಿಲ ಹತ್ತಿರ ನಿಂತು, "ಮೇಡಂ, ಕೆಳಗೆ ವಿಪರೀತ ನವೆ. ಯಾರ ಹತ್ರ ಹೇಳ್ಕೊಳ್ಳಲಿ?" ಎಂದರು. ಮತ್ತೆ ಕೂರಿಸಿದೆ.

ಆರು ತಿಂಗಳಿಂದ ನವೆ, ಉರಿ, ಒಡೆದ ಮೊಸರಿನಂಥ ಬಿಳಿ ಸೆರಗು. ಕೆಟ್ಟ ವಾಸನೆ ಇಲ್ಲ. ಉಷ್ಣ ಇರಬೇಕು ಅಂತ ಎಳನೀರು, ಮಜ್ಜಿಗೆ ಕುಡಿದಿದ್ದಾರೆ. ದಿನಕ್ಕೆ ಮೂರು ಸಲ ಸೋಪು ಹಾಕಿ ಒಳಗೂ ತೊಳೆದಿದ್ದಾರೆ. ಆಮೇಲೆ ಪಕ್ಕದ ಮನೆಯವರ ಹಳೆಯ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಿಂದ ಶಿಲೀಂಧ್ರದ ಸೋಂಕಿಗೆ ಕೊಡುವ ಫ್ಲುಕೊನಜೋಲ್ 150 ಮಿಲಿಗ್ರಾಂ ಮಾತ್ರೆ ತಂದಿದ್ದಾರೆ. ಮೂರ್ನಾಲ್ಕು ದಿನದಲ್ಲಿ ಕಡಿಮೆಯಾಯಿತು. ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಬಂತು. ನಾಲ್ಕನೇ ಸಲ ರೋಸಿಹೋಗಿ, ದಿನಕ್ಕೊಂದರಂತೆ ಐದು ದಿನ ನುಂಗಿದರು. ಆ ವಾರವೇ ಒಂದು ಸಂಜೆ ಮೈ ಬೆವತು, ಕೈಕಾಲು ನಡುಗಿ ಕೊಟ್ಟಿಗೆಯಲ್ಲಿ ಕುಸಿದರು.

ನವೆಗಿಂತ ದೊಡ್ಡ ಸಂಕಟ ಇನ್ನೊಂದಿತ್ತು. "ನಮ್ಮನೆಯವರು ಲಾರಿ ಮೇಲೆ ಹೋಗ್ತಾರೆ. ಎಲ್ಲಿಂದ ತಂದ್ರಿ ಅಂತ ಕೇಳಿಬಿಟ್ಟೆ. ಎರಡು ತಿಂಗಳಿಂದ ಮಾತಿಲ್ಲ."

ನಾನು ಮೊದಲು ಹಿಡಿದದ್ದು ಇದನ್ನೇ. ನೀವು ಹೇಳುವ ಲಕ್ಷಣ ಹೆಚ್ಚಾಗಿ ಕ್ಯಾಂಡಿಡಾ ಅನ್ನೋ ಶಿಲೀಂಧ್ರದ್ದು. ಅದು ಎಷ್ಟೋ ಹೆಂಗಸರ ಮೈಯಲ್ಲಿ ಸುಮ್ನೆ ಇರುತ್ತದೆ, ಅನುಕೂಲ ಸಿಕ್ಕಾಗ ಬೆಳೆಯುತ್ತದೆ. ಇದನ್ನು ಲೈಂಗಿಕ ರೋಗ ಅಂತ ಲೆಕ್ಕ ಹಾಕುವುದಿಲ್ಲ. ಗಂಡ ತಪ್ಪು ಮಾಡಿದ ಅನ್ನೋದಕ್ಕೆ ಇದು ಸಾಕ್ಷಿ ಆಗುವುದಿಲ್ಲ. ನೀವು ಗಲೀಜು ಅಂತಲೂ ಅಲ್ಲ. ಸೋಪು ಹಾಕಿ ಒಳಗೆ ತೊಳೆದರೆ ಉರಿ ಜಾಸ್ತಿಯೇ ಆಗುತ್ತದೆ, ನಿಲ್ಲಿಸಿ ಎಂದೆ. ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಆಮೇಲೆ ಚೀಲದಲ್ಲಿದ್ದ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಇಡಿಸಿದೆ. ಜಯಮ್ಮನವರಿಗೆ ಸಕ್ಕರೆ ಕಾಯಿಲೆ. ಅದಕ್ಕೆ ಎರಡು ಮಾತ್ರೆ. ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಹಳೆಯದು. ಡಾಪಾಗ್ಲಿಫ್ಲೋಜಿನ್ ಶುರುವಾಗಿ ಏಳು ತಿಂಗಳು. ಈ ಎರಡನೆಯದು ರಕ್ತದ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಒಳ್ಳೆಯ ಔಷಧಿ, ಆದರೆ ಆ ಸಿಹಿಯಿಂದ ಶಿಲೀಂಧ್ರ ಬೆಳೆಯುವ ಸಾಧ್ಯತೆ ಹೆಚ್ಚು. ಫ್ಲುಕೊನಜೋಲ್ ಜೊತೆ ಸೇರಿದರೆ ಗ್ಲಿಮೆಪಿರೈಡ್ ಬೇಗ ಕರಗದೆ ರಕ್ತದಲ್ಲಿ ಉಳಿಯುತ್ತದೆ, ಸಕ್ಕರೆ ತೀರಾ ಇಳಿಯಬಹುದು. ಕೊಟ್ಟಿಗೆಯಲ್ಲಿ ಆದದ್ದು ಅದೇ ಇರಬಹುದು ಅಂತ ಅನ್ನಿಸಿ ನನಗೇ ಎದೆ ಝಲ್ಲೆಂದಿತು. ಸಕ್ಕರೆ ಮಾತ್ರೆ ಬರೆದುಕೊಟ್ಟವರಿಗೆ ಇವರು ನವೆಯ ವಿಷಯ ಹೇಳಿಯೇ ಇರಲಿಲ್ಲ. ಕೇಳುವವರೂ ಇರಲಿಲ್ಲ ಅಲ್ವಾ?

ನಾನು ವೈದ್ಯೆ ಅಲ್ಲ. ಮಾತ್ರೆ ಬದಲಿಸುವುದು ನನ್ನ ಕೆಲಸವಲ್ಲ. ಸಕ್ಕರೆ ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ, ಫ್ಲುಕೊನಜೋಲ್ ನೀವಾಗಿಯೇ ತರಬೇಡಿ ಎಂದೆ. ಮತ್ತೆ ಮೈ ನಡುಗಿದರೆ ತಕ್ಷಣ ಸಕ್ಕರೆ ನೀರು ಕುಡಿದು ಆಸ್ಪತ್ರೆಗೆ ಹೋಗಿ ಎಂದೆ. ಎಲ್ಲ ಮಾತ್ರೆಗಳ ಹೆಸರು, ಆದ ತೊಂದರೆ, ಎಷ್ಟು ಸಲ ಅನ್ನೋದನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಬಾಯಲ್ಲಿ ಹೇಳಲು ನಾಚಿಕೆಯಾದರೆ ಇದನ್ನೇ ಡಾಕ್ಟರಮ್ಮನ ಕೈಗೆ ಕೊಡಿ. ಸ್ರಾವದ ಕಲ್ಚರ್ ಪರೀಕ್ಷೆ, ಅಂದರೆ ಅದರಲ್ಲಿರುವ ಶಿಲೀಂಧ್ರವನ್ನು ಬೆಳೆಸಿ ಯಾವ ಜಾತಿ ಅಂತ ನೋಡುವ ಪರೀಕ್ಷೆ ಕೇಳಿ. ಸಕ್ಕರೆ ಕಾಯಿಲೆ ಇರುವವರಲ್ಲಿ ಕೆಲವೊಮ್ಮೆ ಗ್ಲಾಬ್ರಾಟಾ ಅನ್ನೋ ಬೇರೆ ಜಾತಿ ಇರುತ್ತದೆ, ಅದು ಈ ಮಾತ್ರೆಗೆ ಸುಲಭವಾಗಿ ಬಗ್ಗುವುದಿಲ್ಲ.

ಪರೀಕ್ಷೆಯಲ್ಲಿ ಸಿಕ್ಕಿದ್ದು ಸಾಮಾನ್ಯ ಜಾತಿಯೇ, ಆಲ್ಬಿಕನ್ಸ್. ವೈದ್ಯರು ಸಕ್ಕರೆ ಮಾತ್ರೆಗಳನ್ನು ಬದಲಿಸಿದರು. ಫ್ಲುಕೊನಜೋಲನ್ನು ಮೊದಲು ಮೂರು ದಿನಕ್ಕೊಂದರಂತೆ ಮೂರು, ಆಮೇಲೆ ವಾರಕ್ಕೊಂದರಂತೆ ಆರು ತಿಂಗಳು ಬರೆದರು.

ಮುಂದಿನ ಭೇಟಿಗೆ ಗಂಡನೂ ಬಂದಿದ್ದರು. ಹೊರಗಿನ ಬೆಂಚಿನಲ್ಲಿ ಕೂತವರನ್ನು ಜಯಮ್ಮ ತಾವೇ ಒಳಗೆ ಕರೆದರು. "ಇವರಿಗೂ ಒಂದ್ಸಲ ಹೇಳಿ ಮೇಡಂ, ನನಗೆ ಹೇಳಿದ್ದನ್ನೇ."