ಚಿಕ್ಕ ಮನೆ, ಹದಿನೈದು ಮಕ್ಕಳು, ಏಪ್ರಿಲ್ ಬಿಸಿಲು: ಬರ್ತ್‌ಡೇಗೆ ಯಾವ ಆಟ ಆಡಿಸಬೇಕು?

ನಿಮ್ಮ ಪ್ರಶ್ನೆ ಓದಿದೆ. ಮಗಳಿಗೆ ಏಪ್ರಿಲ್‌ನಲ್ಲಿ 6 ವರ್ಷ ತುಂಬುತ್ತದೆ. ಕಲಬುರಗಿಯಲ್ಲಿ ಒಂದು ಹಾಲ್, ಎರಡು ರೂಮಿನ ಮನೆ. ಸುಮಾರು 15 ಮಕ್ಕಳು ಬರುತ್ತಾರೆ, ಅದರಲ್ಲಿ 4 ವರ್ಷದವರೂ ಇದ್ದಾರೆ, 11 ವರ್ಷದವರೂ ಇದ್ದಾರೆ, ಜೊತೆಗೆ ಮನೆಯಲ್ಲಿ 2 ವರ್ಷದ ತಮ್ಮ ಬೇರೆ. ಈವೆಂಟ್‌ನವರನ್ನು ಕರೆಸಬೇಕಾ, ಇಲ್ಲ ನಾವೇ ಆಡಿಸಬಹುದಾ ಅಂತ ಕೇಳಿದ್ದೀರಿ.

ನೀವೇ ಆಡಿಸಿ. ನಾನೂ ಕಲಬುರಗಿಯವಳೇ, ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಟೀಚರ್. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಚಿಕ್ಕವರನ್ನೂ ಸ್ವಲ್ಪ ದೊಡ್ಡವರನ್ನೂ ಒಟ್ಟಿಗೆ ಹಿಡಿದು ಆಡಿಸುವುದು ನನ್ನ ದಿನದ ಕೆಲಸ. ಹಾಲ್‌ನಲ್ಲಿ ಮೈಕ್ ಹಿಡಿದು ಕೂಗುವವರು ಬಂದರೆ ಗದ್ದಲ ಜಾಸ್ತಿ ಆಗುತ್ತದೆ, ಆಟ ಜಾಸ್ತಿ ಆಗುವುದಿಲ್ಲ.

ಮೊದಲು ಒಂದು ಮಾತು, ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ. ಯಾವ ಆಟದಲ್ಲೂ ಯಾರನ್ನೂ ಔಟ್ ಮಾಡಬೇಡಿ. ಕುರ್ಚಿ ಆಟವನ್ನೇ ನೋಡಿ. ಮೊದಲು ಔಟ್ ಆಗುವುದು ಯಾರು? 4 ವರ್ಷದ್ದು, ಇಲ್ಲವೇ ಯಾರ ಪರಿಚಯವೂ ಇಲ್ಲದೆ ಹೆದರಿ ನಿಂತಿರುವ ಮಗು. ಅಂದರೆ ಯಾರಿಗೆ ಆಟ ಜಾಸ್ತಿ ಬೇಕಿತ್ತೋ ಅವರೇ ಎಲ್ಲರಿಗಿಂತ ಜಾಸ್ತಿ ಹೊತ್ತು ಸುಮ್ನೆ ಕೂತಿರುತ್ತಾರೆ. ಸುಮ್ನೆ ಕೂತ ಮಗು ಚಿಕ್ಕ ಮನೆಯಲ್ಲಿ ಎಲ್ಲಿಗೆ ಹೋಗುತ್ತದೆ? ಅಡುಗೆ ಮನೆಗೆ, ಇಲ್ಲವೇ ಗೋಡೆಗೆ ಹಚ್ಚಿದ ಬಲೂನ್ ಕೀಳುವುದಕ್ಕೆ, ಇಲ್ಲವೇ ಇನ್ನೊಂದು ಔಟ್ ಆದ ಮಗುವಿನ ಜೊತೆ ಜಗಳಕ್ಕೆ. ಬರ್ತ್‌ಡೇ ಗದ್ದಲ ಶುರುವಾಗುವುದೇ ಹೀಗೆ.

ಹಾಗಂತ ಕುರ್ಚಿ ಆಟ ಬಿಡಬೇಕಾಗಿಲ್ಲ, ತಿರುಗಿಸಿ ಆಡಿಸಿ. ನಮ್ಮ ಕಡೆ ಹಳೆ ಮನೆಗಳಲ್ಲಿ ಶಹಾಬಾದಿ ಫರಸಿ ಇರುತ್ತಲ್ವಾ, ನಿಮ್ಮಲ್ಲೂ ಇದ್ದರೆ ಚಿಂತೆಯೇ ಇಲ್ಲ. ಅದರ ಮೇಲೆ ಸೀಮೆಸುಣ್ಣದಲ್ಲಿ ಹತ್ತು ದೊಡ್ಡ ಗೋಲ ಬರೆಯಿರಿ. ಹಾಡು ನಿಂತಾಗ ಎಲ್ಲರೂ ಯಾವುದಾದರೂ ಗೋಲದೊಳಗೆ ಇರಬೇಕು, ಒಂದರಲ್ಲಿ ಎಷ್ಟು ಜನ ಬೇಕಾದರೂ ನಿಲ್ಲಬಹುದು. ಪ್ರತಿ ಸಲ ಒಂದೊಂದು ಗೋಲ ಒರೆಸುತ್ತಾ ಹೋಗಿ. ಗೋಲ ಕಡಿಮೆ ಆಗುತ್ತದೆ, ಮಕ್ಕಳು ಕಡಿಮೆ ಆಗುವುದಿಲ್ಲ. ಕೊನೆಗೆ ಎರಡೇ ಗೋಲ ಉಳಿದಾಗ ಹದಿನೈದೂ ಜನ ಒಬ್ಬರನ್ನೊಬ್ಬರು ಹಿಡಿದುಕೊಂಡು, ಒಂಟಿ ಕಾಲಲ್ಲಿ ನಿಂತು, ಚಿಕ್ಕವರನ್ನು ದೊಡ್ಡವರು ಎತ್ತಿಕೊಂಡು, ಬಿದ್ದು ಬಿದ್ದು ನಗುತ್ತಾರೆ. ಗೋಲದ ಬದಲು ಪೇಪರ್ ಹಾಸುವವರಿದ್ದಾರೆ. ಬೇಡ, ಟೈಲ್ಸ್ ಮೇಲೆ ಪೇಪರ್ ಜಾರುತ್ತದೆ. ಟೈಲ್ಸ್ ಮನೆ ಆದರೆ ಬಣ್ಣದ ಟೇಪ್ ಅಂಟಿಸಿ. ಗೋಲ ಒರೆಸುವುದಕ್ಕೆ ಒಣ ಬಟ್ಟೆಯೇ ಇರಲಿ, ನೆಲ ಒದ್ದೆ ಆದರೆ ಕಲ್ಲೂ ಜಾರುತ್ತದೆ.

ಸಮಯದ ವಿಷಯ. ಏಪ್ರಿಲ್‌ನಲ್ಲಿ ನಮ್ಮ ಊರಲ್ಲಿ 40 ಡಿಗ್ರಿ ದಾಟುವುದು ಮಾಮೂಲು, ಸಂಜೆ ಐದಕ್ಕೂ ಮಾಳಿಗೆ ಕಾದೇ ಇರುತ್ತದೆ. ಮಾಳಿಗೆ ಮೇಲೆ ಆಡಿಸುವ ಆಸೆ ಬಿಟ್ಟುಬಿಡಿ, ಕಟ್ಟೆ ಗಿಡ್ಡ ಇದ್ದರಂತೂ ಬೇಡವೇ ಬೇಡ. ಐದೂವರೆಗೆ ಕರೆಯಿರಿ, ಏಳೂವರೆಗೆ ಮುಗಿಸಿ. ಎರಡು ತಾಸು ಸಾಕು. ಮಗಳು ಮಧ್ಯಾಹ್ನ ಒಂದು ನಿದ್ದೆ ಮಾಡಲಿ. ಬರ್ತ್‌ಡೇ ದಿನ ಮಕ್ಕಳು ಅಳುವುದು ಹೆಚ್ಚಾಗಿ ದಣಿವಿಗೆ, ಹಠಕ್ಕಲ್ಲ. ಕೇಕ್ ಮಾತ್ರ ಕೊನೆಗೆ ಇಡಿ, ಏಳರ ಸುಮಾರಿಗೆ. ಕೇಕ್ ಕೊಯ್ದ ಮೇಲೆ ಕೈ ಅಂಟು, ಹೊಟ್ಟೆ ಭಾರ, ದೊಡ್ಡವರ ಕೈಗೆ ತಾಟು ಬರುತ್ತದೆ. ಆಮೇಲೆ ಓಡಿಸಿದರೆ ಯಾರಾದರೂ ವಾಂತಿ ಮಾಡಿಕೊಳ್ಳುತ್ತಾರೆ. ಆಟದ ನಡುವೆ ನೀರು, ಮಜ್ಜಿಗೆ, ನಿಂಬೆ ಶರಬತ್ತು ಕೊಡುತ್ತಾ ಇರಿ. ಮಕ್ಕಳು ಆಟದಲ್ಲಿ ಬಾಯಾರಿಕೆ ಮರೆಯುತ್ತಾರೆ, ಕೇಳಿ ಕುಡಿಸಬೇಕು.

ಐದೂವರೆ ಅಂದರೆ ಎಲ್ಲರೂ ಐದೂವರೆಗೇ ಬರುವುದಿಲ್ಲ. ಮೊದಲ ಮಗು ಬಂದು ಸೋಫಾ ತುದಿಯಲ್ಲಿ ಮುದುಡಿ ಕೂತಿರುತ್ತದೆ, ಕೊನೆಯದು ಆರೂ ಕಾಲಿಗೆ ಬರುತ್ತದೆ. ಈ ಅರ್ಧ ಮುಕ್ಕಾಲು ತಾಸಿಗೆ ಕೆಲಸ ಬೇಕು. ಒಂದು ಪಾರದರ್ಶಕ ಬಾಟಲಿಗೆ ಹುಣಸೆ ಬೀಜ ತುಂಬಿ, ಮುಚ್ಚಳ ಬಿಗಿ ಮಾಡಿ ಇಡಿ. ಬಂದ ಮಗು ನೋಡಿ, ಎಷ್ಟು ಬೀಜ ಇರಬಹುದು ಅಂತ ಹೇಳಬೇಕು. ಹೆಸರಿನ ಜೊತೆ ಚೀಟಿಯಲ್ಲಿ ಬರೆದುಕೊಳ್ಳಿ. ಒಬ್ಬರು ಇಪ್ಪತ್ತು ಅಂತಾರೆ, ಇನ್ನೊಬ್ಬರು ಸಾವಿರ ಅಂತಾರೆ, ಅಲ್ಲೇ ಮಾತು ಶುರು. ಪಕ್ಕದಲ್ಲಿ ದಪ್ಪ ಕಾಗದದ ಪಟ್ಟಿ, ಬಣ್ಣದ ಪೆನ್ಸಿಲ್ ಇಡಿ. ಪ್ರತಿ ಮಗು ತನ್ನ ಕಿರೀಟ ತಾನೇ ಬರೆದುಕೊಳ್ಳಲಿ, ತಲೆಯ ಅಳತೆಗೆ ಸುತ್ತಿ ನೀವು ಟೇಪ್ ಹಚ್ಚಿ. ಬರ್ತ್‌ಡೇ ಮಗುವಿಗೆ ಮಾತ್ರ ಯಾಕೆ ಕಿರೀಟ, ಎಲ್ಲರಿಗೂ ಇರಲಿ ಬಿಡಿ. ತಲೆ ಮೇಲೆ ಕಿರೀಟ ಕೂತ ಮೇಲೆ ನಾಚಿಕೆ ಅರ್ಧ ಹೋಗಿರುತ್ತದೆ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಆಟ, ಪೊಟ್ಟಣ ದಾಟಿಸುವುದು. ಒಂದು ಚಿಕ್ಕ ಡಬ್ಬಿಯಲ್ಲಿ ಎಲ್ಲರಿಗೂ ಆಗುವಷ್ಟು ಪೇಡೆಯನ್ನೋ ಚಾಕೊಲೇಟನ್ನೋ ಇಟ್ಟು ಹಳೆ ಪೇಪರ್‌ನಲ್ಲಿ ಸುತ್ತಿ. ಅದರ ಮೇಲೆ ಇನ್ನೊಂದು ಪೇಪರ್, ಮತ್ತೊಂದು, ಹೀಗೆ ಎಷ್ಟು ಮಕ್ಕಳೋ ಅಷ್ಟು ಸುತ್ತು. ಪ್ರತಿ ಸುತ್ತಿನಲ್ಲೂ ಒಂದು ಚೀಟಿ. ಹಾಡು ನಿಂತಾಗ ಯಾರ ಕೈಯಲ್ಲಿದೆಯೋ ಅವರು ಒಂದು ಸುತ್ತು ಬಿಚ್ಚಿ, ಚೀಟಿಯಲ್ಲಿ ಇದ್ದದ್ದು ಮಾಡಬೇಕು. ಹಾಡು ನಿಲ್ಲಿಸುವವರು ಕಣ್ಣು ಬಿಟ್ಟು ನೋಡುತ್ತಾ ಇರಬೇಕು, ಪ್ರತಿ ಮಗುವಿಗೂ ಒಂದು ಸರ್ತಿ ಬರಲೇಬೇಕು, ಇದನ್ನು ಅದೃಷ್ಟಕ್ಕೆ ಬಿಡಬೇಡಿ. ಚೀಟಿಯಲ್ಲಿ ಏನು ಬರೆಯಬೇಕು ಅನ್ನುವುದರಲ್ಲೇ ಆಟದ ಜೀವ ಇದೆ. ಡಾನ್ಸ್ ಮಾಡು, ಹಾಡು ಹೇಳು ಅಂತ ಬರೆಯಬೇಡಿ, ನಾಚುವ ಮಗು ಅಲ್ಲೇ ಕಲ್ಲಾಗಿ ಬಿಡುತ್ತದೆ. ಮಕ್ಕಳು ದಿನಾ ನೋಡುವುದನ್ನು ಬರೆಯಿರಿ. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಜೇವರ್ಗಿ ಜೇವರ್ಗಿ, ಸೇಡಂ ಸೇಡಂ ಅಂತ ಕೂಗುವ ಹಾಗೆ ಕೂಗು. ಓಣಿಯಲ್ಲಿ ಬರುವ ಕಾಯಿಪಲ್ಲೆಯವಳ ಹಾಗೆ ಕೂಗು. ಅಜ್ಜಿ ರೊಟ್ಟಿ ಬಡಿಯುವ ಹಾಗೆ ಕೈಯಲ್ಲಿ ಬಡಿದು ತೋರಿಸು. ಬಿಸಿ ಮಿರ್ಚಿ ಭಜಿ ಬಾಯಿಗೆ ಹಾಕಿಕೊಂಡವರ ಮುಖ ಮಾಡು. ಓದಲು ಬಾರದವರಿಗಾಗಿ ಕೆಲವು ಚೀಟಿಯಲ್ಲಿ ಚಿತ್ರ ಬರೆಯಿರಿ, ಬೆಕ್ಕಿನ ಚಿತ್ರ ಇದ್ದರೆ ಬೆಕ್ಕಾಗಬೇಕು. ಒಬ್ಬರಿಗೇ ಮಾಡಲು ಹೆದರಿಕೆ ಆದರೆ ಪಕ್ಕದವರನ್ನು ಜೊತೆಗೆ ಕರೆದುಕೊಳ್ಳಬಹುದು ಅಂತ ಮೊದಲೇ ಹೇಳಿ. ಕೊನೆಗೆ ಡಬ್ಬಿ ಸಿಕ್ಕವರು ಗೆದ್ದವರಲ್ಲ, ಅವರು ಎಲ್ಲರಿಗೂ ಹಂಚುವವರು.

ಇನ್ನೊಂದು, ನಿಧಿ ಹುಡುಕುವುದು. ಎರಡು ರೂಮಿನ ಮನೆಗೆ ಇದು ಹೇಳಿ ಮಾಡಿಸಿದ ಆಟ. ಐದಾರು ಜಾಗದಲ್ಲಿ ಚೀಟಿ ಅಡಗಿಸಿ, ಒಂದು ಚೀಟಿ ಮುಂದಿನ ಜಾಗ ಹೇಳಬೇಕು. ನೇರವಾಗಿ ಹೇಳದೆ ಒಗಟಿನಲ್ಲಿ ಹೇಳಿ, ಚಂದ ಇರುತ್ತದೆ. ನೀವೇ ಕಟ್ಟಬಹುದು, ಕಷ್ಟವಿಲ್ಲ. 'ಹೊಟ್ಟೆ ತುಂಬ ನೀರು, ಬಾಯಿ ತುಂಬ ಗಾಳಿ, ಬೇಸಿಗೆ ಬಂದರಷ್ಟೇ ನನಗೆ ಕೆಲಸ', ಅಂದರೆ ಕೂಲರ್. 'ನಾವಿಬ್ಬರು ಯಾವಾಗಲೂ ಜೋಡಿ, ಊರೆಲ್ಲ ತಿರುಗಿದರೂ ಮನೆಯೊಳಗೆ ಬಿಡುವುದಿಲ್ಲ', ಅಂದರೆ ಚಪ್ಪಲಿ. 'ಬಾಗಿಲು ತೆಗೆದರೆ ದೀಪ, ಒಳಗೆ ಚಳಿ', ಇದು ಫ್ರಿಜ್ ಅಂತ 4 ವರ್ಷದ್ದೂ ಹೇಳುತ್ತದೆ. ಕೂಲರ್ ಹತ್ತಿರ ಚೀಟಿ ಇಡುವುದಾದರೆ ಆ ಹೊತ್ತಿಗೆ ಸ್ವಿಚ್ ತೆಗೆದು ಪ್ಲಗ್ ಕಿತ್ತಿಡಿ, ನೀರು ಕರೆಂಟು ಎರಡೂ ಇರುವ ಜಾಗ ಅದು. ಗ್ಯಾಸ್ ಇರುವ ಅಡುಗೆ ಮನೆ, ಮಾಳಿಗೆ ಮೆಟ್ಟಿಲು, ಬಚ್ಚಲು, ಈ ಮೂರಕ್ಕೆ ಪ್ರವೇಶ ಇಲ್ಲ ಅಂತ ಮೊದಲೇ ಹೇಳಿ. ಎರಡು ಗುಂಪು ಮಾಡಿ ಪೈಪೋಟಿ ಹಚ್ಚಬೇಡಿ, ಎಲ್ಲರೂ ಒಂದೇ ಗುಂಪು. ಆದರೆ ಒಂದು ಸಲ ಚೀಟಿ ಹುಡುಕಿದವರು ಮುಂದಿನ ಸಲ ಕೈ ಹಾಕುವಂತಿಲ್ಲ, ಬಾಯಿಂದ ಮಾತ್ರ ಸಹಾಯ. ಹೀಗೆ ಮಾಡಿದರೆ ಚುರುಕಾದ ಒಬ್ಬನೇ ಎಲ್ಲ ಹುಡುಕಿ ಮುಗಿಸುವುದಿಲ್ಲ.

ನಡುವೆ ಒಂದು ಕೂತು ಆಡುವ ಆಟ ಇಡಿ, ಬೆವರು ಆರಬೇಕಲ್ಲ. ದೊಡ್ಡ ತಾಟಿನಲ್ಲಿ ಹತ್ತು ಸಾಮಾನು, ಬೀಗದ ಕೈ, ಚಮಚ, ಬಳೆ, ನಿಂಬೆಹಣ್ಣು, ಹೀಗೆ. ಎಲ್ಲರೂ ಒಂದು ನಿಮಿಷ ನೋಡಲಿ, ಟವೆಲ್ ಮುಚ್ಚಿ, ಒಂದನ್ನು ಮೆಲ್ಲಗೆ ತೆಗೆಯಿರಿ. ಏನು ಹೋಯಿತು? ಇಷ್ಟೇ ಆಟ. ಹತ್ತನ್ನೂ ನೆನಪಿಟ್ಟು ಹೇಳಿ ಅಂದರೆ ಚಿಕ್ಕವರಿಗೆ ಆಗುವುದಿಲ್ಲ, ಒಂದು ತೆಗೆದರೆ ಎಲ್ಲರಿಗೂ ಆಗುತ್ತದೆ. ಕಣ್ಣು ಮುಚ್ಚಿ ವಾಸನೆ ಹಿಡಿಯುವುದೂ ಹೀಗೇ, ಏಲಕ್ಕಿ, ಜೀರಿಗೆ, ಇಂಗು, ಕೊತ್ತಂಬರಿ ಸೊಪ್ಪು. ಖಾರದ ಪುಡಿ ಹತ್ತಿರವೂ ತರಬೇಡಿ. ಕಣ್ಣಿಗೆ ಬಟ್ಟೆ ಕಟ್ಟಿದರೆ ಕೆಲವು ಮಕ್ಕಳಿಗೆ ಭಯ, ತಾವೇ ಕಣ್ಣು ಮುಚ್ಚಿಕೊಳ್ಳಲಿ, ಓರೆಗಣ್ಣಲ್ಲಿ ನೋಡಿದರೂ ಏನೂ ನಷ್ಟ ಇಲ್ಲ.

10–11 ವರ್ಷದವರಿಗೆ ಇದೆಲ್ಲ ಬೇಗ ಬೇಜಾರು ಬರುತ್ತದೆ. ಅವರಿಗೆ ಕೆಲಸ ಹಂಚಿ. ಹಾಡು ನಿಲ್ಲಿಸುವವರು, ಗೋಲ ಒರೆಸುವವರು, ಒಗಟು ಓದುವವರು ಅವರೇ. ಜವಾಬ್ದಾರಿ ಸಿಕ್ಕರೆ ಈ ವಯಸ್ಸಿನವರು ನಿಮಗಿಂತ ಚೆನ್ನಾಗಿ ನಡೆಸುತ್ತಾರೆ, ಇದು ನನ್ನ ಅನುಭವ. ಆಮೇಲೆ ಒಂದು ಮೂಲೆಯಲ್ಲಿ ಐದು ಅಡ್ಡ ಐದು ಉದ್ದದ ಮನೆ ಬರೆದು ಚೌಕಾಬಾರಕ್ಕೆ ಕೂರಿಸಿ. ನಾಲ್ಕು ಕವಡೆ ಸಾಕು. ಮೇಲ್ಮುಖ ಬಿದ್ದಷ್ಟು ಎಣಿಕೆ, ನಾಲ್ಕೂ ಮೇಲ್ಮುಖ ಆದರೆ 4, ನಾಲ್ಕೂ ಬೋರಲು ಬಿದ್ದರೆ 8, ಈ ಎರಡಕ್ಕೂ ಇನ್ನೊಂದು ಆಟ ಸಿಗುತ್ತದೆ. ಕವಡೆ ಇಲ್ಲದಿದ್ದರೆ ಹುಣಸೆ ಬೀಜದ ಒಂದು ಮಗ್ಗುಲನ್ನು ಬಿಳಿ ಕಾಣುವ ತನಕ ಕಲ್ಲಿಗೆ ತಿಕ್ಕಿ, ಅದೇ ಕವಡೆ. ಕೆಲವು ಮಕ್ಕಳು ಅವತ್ತೇ ಮೊದಲ ಸಲ ಈ ಆಟ ನೋಡಬಹುದು, ಅಜ್ಜ ಅಜ್ಜಿ ಯಾರಾದರೂ ಬಂದಿದ್ದರೆ ಅವರನ್ನೇ ಕಲಿಸಲು ಕೂರಿಸಿ.

ನಮ್ಮ ಊರಲ್ಲಿ ಒಂದೇ ಓಣಿಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಮಾತಾಡುವ ಮಕ್ಕಳು ಇರುತ್ತಾರೆ. ಆದ್ದರಿಂದ ನಿಯಮ ಉದ್ದಕ್ಕೆ ಹೇಳುತ್ತಾ ನಿಲ್ಲಬೇಡಿ. ಇಬ್ಬರನ್ನು ಕರೆದು ಒಂದು ಸಲ ಆಡಿ ತೋರಿಸಿ, ಎಲ್ಲರಿಗೂ ತಿಳಿಯುತ್ತದೆ.

ಬಲೂನ್ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಬಲೂನ್ ಒಡೆಯುವ ಆಟ ಬೇಡ. ಚಿಕ್ಕವರು ಸದ್ದಿಗೆ ಹೆದರುತ್ತಾರೆ, ಅದಕ್ಕಿಂತ ದೊಡ್ಡದು, ಒಡೆದ ಚೂರು ಬಾಯಿಗೆ ಹೋದರೆ ಗಂಟಲಿಗೆ ಅಂಟಿ ಉಸಿರು ಕಟ್ಟುತ್ತದೆ. 8 ವರ್ಷದೊಳಗಿನ ಮಕ್ಕಳ ಕೈಗೆ ಊದದ ಬಲೂನ್, ಒಡೆದ ಬಲೂನ್ ಎರಡನ್ನೂ ಕೊಡಬಾರದು. ಬೇಕಾದರೆ ಫ್ಯಾನ್ ನಿಲ್ಲಿಸಿ ಐದು ನಿಮಿಷ, ಬಲೂನ್ ನೆಲಕ್ಕೆ ಬೀಳದ ಹಾಗೆ ಎಲ್ಲರೂ ಸೇರಿ ತಟ್ಟುತ್ತಾ ಇರಲಿ. ಗ್ಯಾಸ್ ತುಂಬಿದ ಬಲೂನ್ ಮನೆಗೆ ತರಬೇಡಿ, ಹೈಡ್ರೋಜನ್ ತುಂಬಿದ್ದರೆ ಒಂದು ಕಿಡಿ ಸಾಕು. ಸ್ನೋ ಸ್ಪ್ರೇಯೂ ಹಾಗೇ, ಅದರಲ್ಲಿ ಹತ್ತಿಕೊಳ್ಳುವ ಗ್ಯಾಸ್ ಇರುತ್ತದೆ, ಉರಿಯುವ ಮೇಣದಬತ್ತಿ ಎದುರು ಮಗುವಿನ ಮುಖಕ್ಕೆ ಹೊಡೆಯುತ್ತಾರಲ್ಲ, ನೋಡಿದರೆ ಎದೆ ಝಲ್ ಅನ್ನುತ್ತದೆ. ಯಾರಾದರೂ ತಂದರೆ ಬಾಗಿಲಲ್ಲೇ ಇಸಿದುಕೊಂಡು ಇಡಿ, ಬೇಜಾರಾದರೂ ಪರವಾಗಿಲ್ಲ.

ಇನ್ನೊಂದು ವಿನಂತಿ, ದೊಡ್ಡವರಿಗೆ. ಮೊಬೈಲ್ ಹಿಡಿದು ಡಾನ್ಸ್ ಮಾಡು ಡಾನ್ಸ್ ಮಾಡು ಅಂತ ಮಕ್ಕಳ ಬೆನ್ನು ಹತ್ತಬೇಡಿ. ಆಡಲು ಒಲ್ಲೆ ಅಂದ ಮಗುವನ್ನು ಎಳೆಯಬೇಡಿ. ಅದು ಪಕ್ಕದಲ್ಲಿ ಕೂತು ನೋಡುತ್ತಿರಲಿ, ಮೂರನೇ ಆಟಕ್ಕೆ ತಾನೇ ಎದ್ದು ಬರುತ್ತದೆ. ಬರದಿದ್ದರೂ ಅದು ಖುಷಿಯಾಗಿಯೇ ಇರಬಹುದು.

ತಮ್ಮನಿಗೆ ಬೇರೆ ರೂಮಿನಲ್ಲಿ ಸ್ಟೀಲ್ ಬೋಗುಣಿ, ಸೌಟು, ಮುಚ್ಚಳ ಕೊಟ್ಟು ಒಬ್ಬ ದೊಡ್ಡವರನ್ನು ಕೂರಿಸಿ, ಅವರಿಗೆ ಅವತ್ತು ಬೇರೆ ಕೆಲಸ ಹೇಳಬೇಡಿ. ಹುಣಸೆ ಬೀಜ, ಕವಡೆ ಅವನ ಕೈಗೆ ಸಿಗಬಾರದು, ಆ ವಯಸ್ಸಿನವರು ಬಾಯಿ, ಮೂಗು, ಕಿವಿ ಎಲ್ಲಕ್ಕೂ ಹಾಕಿಕೊಳ್ಳುತ್ತಾರೆ. ಬಾಟಲಿ ಬಿಚ್ಚಿ ಬೀಜ ಎಣಿಸುವುದನ್ನು ಕೇಕ್‌ಗೆ ಮುಂಚೆ ದೊಡ್ಡ ಮಕ್ಕಳು ತಾಟಿನಲ್ಲೇ ಮಾಡಲಿ, ಹತ್ತು ಹತ್ತರ ಗುಡ್ಡೆ ಮಾಡಿ ಎಲ್ಲರೂ ಕೂಗಿ ಎಣಿಸಿದರೆ ಅದೂ ಒಂದು ಆಟವೇ.

ಬಹುಮಾನ ಏನು ಕೊಡಲಿ ಅಂತ ಕೊನೆಗೆ ಕೇಳಿದ್ದೀರಿ. ಗೆದ್ದವರಿಗೆ ಬೇರೆ, ಸೋತವರಿಗೆ ಬೇರೆ ಬೇಡ, ಹೋಗುವಾಗ ಎಲ್ಲರಿಗೂ ಒಂದೇ ಥರ. ಒಂದು ಸೀಮೆಸುಣ್ಣದ ಡಬ್ಬಿ, ಒಂದು ಸಣ್ಣ ಚೆಂಡು ಸಾಕು. ನೀವು ಕೊಳ್ಳಬೇಕಾದದ್ದೂ ಅಷ್ಟೇ, ಅದರ ಮೇಲೆ ದಪ್ಪ ಕಾಗದ, ಟೇಪ್, ಪೇಡೆ. ಸೂಪರ್ ಮಾರ್ಕೆಟ್ ಕಡೆ ಒಂದು ಸುತ್ತು ಹಾಕಿದರೆ ಎಲ್ಲ ಸಿಗುತ್ತದೆ, ಬಿಸಿಲು ಇಳಿದ ಮೇಲೆ ಹೋಗಿ. ಆಟದ ನಡುವೆ ಕರೆಂಟ್ ಹೋದರೆ ಒಂದು ಟಾರ್ಚ್ ಕೈಗೆ ಸಿಗುವ ಹಾಗೆ ಇಟ್ಟಿರಿ. ಗೋಡೆ ಮೇಲೆ ಕೈ ನೆರಳಲ್ಲಿ ನಾಯಿ, ಹಕ್ಕಿ ಮಾಡಿ ತೋರಿಸುತ್ತಿದ್ದರೆ ಕರೆಂಟ್ ಬಂದಾಗ ಮಕ್ಕಳೇ ಲೈಟ್ ಆರಿಸಿ ಅನ್ನುತ್ತಾರೆ.